ಒಂದೇ ಬದಿಯ ರಸ್ತೆ: ಎಂ.ಜಿ. ರೋಡಿಗೆ ಏನಾಯಿತು?

ಪ್ರಶ್ನೆ: ನನ್ನ ತಂದೆ 1971ರಿಂದ 1989ರವರೆಗೆ ಬೆಂಗಳೂರಿನ ಎಂ.ಜಿ. ರೋಡಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಆಮೇಲೆ ವರ್ಗವಾಗಿ ದಾವಣಗೆರೆಗೆ ಬಂದು ಇಲ್ಲೇ ನೆಲೆ ನಿಂತರು. ಕಳೆದ ವರ್ಷ ಅವರನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೆಟ್ರೊ ಇಳಿದು ಐದು ನಿಮಿಷ ಸುಮ್ಮನೆ ನಿಂತಿದ್ದರು. ಆಮೇಲೆ "ಇದು ಎಂ.ಜಿ. ರೋಡ್ ಅಲ್ಲ, ನಡಿ ಹೋಗೋಣ" ಅಂದುಬಿಟ್ಟರು. ಅಲ್ಲಿ ಏನೇನಿತ್ತು, ಯಾವಾಗ ಹೋಯಿತು? ಎಲ್ಲ ಹಾಳಾಗಿದ್ದು ಮೆಟ್ರೊದಿಂದ ಅನ್ನುತ್ತಾರೆ ಅಪ್ಪ. ಅದು ನಿಜವೇ? ಡಿಸೆಂಬರಿನಲ್ಲಿ ಇನ್ನೊಮ್ಮೆ ಕರೆದೊಯ್ಯುವ ಆಸೆ ಇದೆ.

ಉತ್ತರ: ನಿಮ್ಮ ತಂದೆಯವರು ನಿಂತಿದ್ದ ಜಾಗ ನನ್ನ ಕಣ್ಣಿಗೆ ಕಟ್ಟುತ್ತಿದೆ. ಎಂ.ಜಿ. ರೋಡ್ ನಿಲ್ದಾಣದ ಮೆಟ್ಟಿಲಿಳಿದು ಹೊರಬಂದರೆ ರಸ್ತೆಯಾಚೆ ಬ್ರಿಗೇಡ್ ರೋಡಿನ ಮೂಲೆ, ಕಾವೇರಿ ಎಂಪೋರಿಯಂ. ಈಚೆ ಬದಿಯಲ್ಲಿ ಅವರ ಕಾಲಕ್ಕೆ ಕಾಗದದ ಹೂವಿನ, ಅಂದರೆ ಬೋಗನ್‌ವಿಲ್ಲಾ ಬಳ್ಳಿಯ, ಚಪ್ಪರವಿತ್ತು. ಹದಿನೆಂಟು ವರ್ಷ ದಿನಾ ಓಡಾಡಿದವರಿಗೆ ಆ ಚಪ್ಪರ ಕಾಣದಿದ್ದರೆ ದಾರಿ ತಪ್ಪಿ ಬೇರೆಲ್ಲೋ ಬಂದೆವು ಅನ್ನಿಸುವುದು ಸಹಜ. ಮೆಟ್ರೊ ಬಗ್ಗೆ ಅವರು ಹೇಳುವುದು ಅರ್ಧ ಸರಿ. ಚಪ್ಪರ ತೆಗೆದದ್ದು ಮೆಟ್ರೊ, ನಿಜ. ಆದರೆ ಅವರು ಕಾಫಿ ಕುಡಿದ ಜಾಗ, ಪುಸ್ತಕ ಕೊಂಡ ಅಂಗಡಿ, ಸಿನಿಮಾ ನೋಡಿದ ಟಾಕೀಸು ಇವುಗಳಲ್ಲಿ ಹೆಚ್ಚಿನವು ಹೋದದ್ದು ಬೇರೆ ಕಾರಣಕ್ಕೆ. ಆ ಕಾರಣಕ್ಕೆ ಕಾಂಕ್ರೀಟಿನ ಕಂಬಗಳಿಲ್ಲವಾದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ರಸ್ತೆ ಅರ್ಥವಾಗಬೇಕಾದರೆ ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಿ: ಇದು ಒಂದೇ ಬದಿಯ ರಸ್ತೆ. ಚಿಕ್ಕಪೇಟೆಗೋ ಅವೆನ್ಯೂ ರೋಡಿಗೋ ಹೋದರೆ ಎಡಕ್ಕೂ ಅಂಗಡಿ, ಬಲಕ್ಕೂ ಅಂಗಡಿ, ನಡುವೆ ಜನ. ಎಂ.ಜಿ. ರೋಡಿನಲ್ಲಿ ಹಾಗಲ್ಲ. ಕಾಮರಾಜ್ ರಸ್ತೆಯಿಂದ ಪಶ್ಚಿಮಕ್ಕೆ, ಕಬ್ಬನ್ ಪಾರ್ಕಿನ ಕಡೆ ನಡೆಯಿರಿ. ಅಂಗಡಿಗಳೆಲ್ಲ ದಕ್ಷಿಣಕ್ಕೆ. ಉತ್ತರದ ಬದಿ ಸೇನೆಯ ಪೆರೇಡ್ ಮೈದಾನ, ಬರೀ ಬಯಲು. ಪೇಟೆಯ ಬೀದಿ ಹುಟ್ಟಿದ್ದು ವ್ಯಾಪಾರಕ್ಕೆ. ಈ ರಸ್ತೆ ಹುಟ್ಟಿದ್ದು ಮೈದಾನದ ಅಂಚಾಗಿ. ಇಲ್ಲಿ ಮುಂದೆ ಆದ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಆ ಬಯಲೇ ಮೂಲ ಎನ್ನುವುದು ನಾನು ವರ್ಷಗಟ್ಟಲೆ ಈ ರಸ್ತೆಯನ್ನು ನೋಡಿ ಕಂಡುಕೊಂಡ ಮಾತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಡೆ ಕೆಲವು ವರ್ಷ ಅಲ್ಲೇ ಬೀಡುಬಿಟ್ಟಿತ್ತು. ಜ್ವರದ ಕಾಟ ತಾಳಲಾರದೆ ತಂಪು ಹವೆಯ ಬೆಂಗಳೂರಿಗೆ ಬಂದು, 1809ರ ಹೊತ್ತಿಗೆ ಹಲಸೂರಿನ ಬಳಿ ಕಂಟೋನ್ಮೆಂಟ್ ಕಟ್ಟಿಕೊಂಡಿತು. ನಮ್ಮ ಜನ ಅದನ್ನು ದಂಡು ಅಂದರು. ಆ ಕಡೆಯ ರೈಲು ನಿಲ್ದಾಣಕ್ಕೆ ಇವತ್ತಿಗೂ ಬೆಂಗಳೂರು ದಂಡು ಎಂದೇ ಹೆಸರು. ದಂಡಿನ ನಟ್ಟನಡುವೆ ಕವಾಯತಿನ ಮೈದಾನ. ಅದರ ದಕ್ಷಿಣದ ಅಂಚಿಗೆ ಹಾಕಿದ ರಸ್ತೆ ಸೌತ್ ಪೆರೇಡ್. ಪೂರ್ವದ ತುದಿಗೆ 1851ರ ಟ್ರಿನಿಟಿ ಚರ್ಚ್, ಪಶ್ಚಿಮದ ತುದಿಯ ಹತ್ತಿರ ಸೇಂಟ್ ಮಾರ್ಕ್ಸ್ ಕೆಥೆಡ್ರಲ್. ನಡುವಿನ ಸುಮಾರು ಎರಡು ಕಿಲೋಮೀಟರಿನಲ್ಲಿ ಅಧಿಕಾರಿಗಳ ಬಂಗಲೆಗಳು, ಅವರಿಗೆ ಬೇಕಾದದ್ದನ್ನು ಒದಗಿಸುವ ಅಂಗಡಿಗಳು. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಮೇಯೊ ನೆನಪಿಗೆ 1883ರಲ್ಲಿ ಮೇಯೊ ಹಾಲ್ ಬಂತು. ಮದ್ರಾಸಿನ ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿ 1905ರಲ್ಲಿ ಇಲ್ಲಿ ಬಾಗಿಲು ತೆರೆಯಿತು. ಮರುವರ್ಷ ಪಾರ್ಕಿನ ಮೂಲೆಯಲ್ಲಿ ವಿಕ್ಟೋರಿಯಾ ರಾಣಿಯ ಪ್ರತಿಮೆ ನಿಂತಿತು.

ಆ ಕಾಲದಲ್ಲಿ ಬೆಂಗಳೂರು ಎಂದರೆ ಎರಡು ಊರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ದಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕೆಂಪೇಗೌಡರ ಪೇಟೆ ಮಹಾರಾಜರದು, ದಂಡು ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರದು, ನಡುವೆ ಗಡಿಯ ಹಾಗೆ ಕಬ್ಬನ್ ಪಾರ್ಕು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಪೇಟೆಯ ಹಿರಿಯರ ಬಾಯಲ್ಲಿ "ದಂಡಿಗೆ ಹೋಗಿ ಬರ್ತೀನಿ" ಅನ್ನುವ ಮಾತು ಬೇರೆ ಊರಿಗೆ ಹೊರಟವರ ದನಿಯಲ್ಲೇ ಬರುತ್ತಿತ್ತು. ಅಲ್ಲಿ ಕಿವಿಗೆ ಬೀಳುತ್ತಿದ್ದದ್ದು ಇಂಗ್ಲಿಷ್, ತಮಿಳು, ಉರ್ದು. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ. ಎರಡು ಮುನಿಸಿಪಾಲಿಟಿ ಸೇರಿ ಬೆಂಗಳೂರು ಕಾರ್ಪೊರೇಷನ್ ಆದದ್ದು 1949ರಲ್ಲಿ. ಅಂದರೆ ಒಂದು ಬೆಂಗಳೂರು ಎನ್ನುವುದಕ್ಕೆ ಇನ್ನೂ ಎಂಬತ್ತು ವರ್ಷ ತುಂಬಿಲ್ಲ. ನಿಮ್ಮ ತಂದೆಯವರು ಕೆಲಸಕ್ಕೆ ಸೇರಿದಾಗ ಅದಕ್ಕೆ ಬರೀ ಇಪ್ಪತ್ತೆರಡು ವರ್ಷ. ಸೌತ್ ಪೆರೇಡ್ ಎಂದೇ ಕರೆಯುವ ಹಿರಿಯರು ಅವರ ಕಚೇರಿಯಲ್ಲೂ ಒಬ್ಬಿಬ್ಬರು ಇದ್ದಿರಬೇಕು, ಕೇಳಿ ನೋಡಿ.

ಗಾಂಧೀಜಿ ತೀರಿಕೊಂಡ 1948ರಲ್ಲೇ ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. ಅದೇ ವರ್ಷ "ಪ್ರಜಾವಾಣಿ" ಶುರುವಾಯಿತು. ಕನ್ನಡಿಗರ ಮನೆಮನೆಗೆ ಬರುವ ಆ ಪತ್ರಿಕೆಯ ವಿಳಾಸ ಎಂ.ಜಿ. ರೋಡ್. "ಸುಧಾ"ವೂ "ಮಯೂರ"ವೂ ಅಲ್ಲಿಯವೇ. ಎಂ.ಜಿ. ರೋಡ್ ನಮ್ಮದಲ್ಲ, ಇಂಗ್ಲಿಷಿನವರದು ಎಂದು ಯಾರಾದರೂ ಹೇಳಿದಾಗ ನಾನು ಈ ವಿಳಾಸವನ್ನು ನೆನಪಿಸುತ್ತೇನೆ. ಬೀದಿಯಲ್ಲಿ ಕನ್ನಡ ಕೇಳುವುದು ಕಡಿಮೆಯಿತ್ತು, ಒಪ್ಪೋಣ. ಆದರೆ ಬಳ್ಳಾರಿಯ ರೈತ, ಸಿರ್ಸಿಯ ಮೇಷ್ಟ್ರು ಬರೆದ ಓದುಗರ ಪತ್ರಗಳು ಬಂದು ಸೇರುತ್ತಿದ್ದದ್ದು ಇದೇ ಬೀದಿಗೆ.

ಈಗ ನಿಮ್ಮ ತಂದೆಯವರ ಎಂ.ಜಿ. ರೋಡಿಗೆ ಬರುತ್ತೇನೆ. 1971ರಲ್ಲಿ ಬಿ.ಟಿ.ಎಸ್. ಬಸ್ಸಿನಿಂದಿಳಿದು ಕಚೇರಿಗೆ ನಡೆದ ಯುವಕನಿಗೆ ಇಲ್ಲಿ ಎತ್ತರದ ಕಟ್ಟಡ ಹೆಚ್ಚೇನೂ ಕಾಣುತ್ತಿರಲಿಲ್ಲ. ಎರಡು ವರ್ಷಕ್ಕೆ, 1973ರಲ್ಲಿ, 25 ಅಂತಸ್ತಿನ ಯುಟಿಲಿಟಿ ಬಿಲ್ಡಿಂಗ್ ಎದ್ದು ನಿಂತಿತು. ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರಿದೆ ಅದಕ್ಕೆ, ಆದರೆ ಆಟೊದವರಿಂದ ಹಿಡಿದು ಎಲ್ಲರಿಗೂ ಅದು ಯುಟಿಲಿಟಿ ಬಿಲ್ಡಿಂಗೇ. ಬಹಳ ಕಾಲ ಊರಿಗೇ ಎತ್ತರದ ಕಟ್ಟಡ ಅದು. ಊರಿನಿಂದ ನೆಂಟರು ಬಂದರೆ ವಿಧಾನಸೌಧ, ಲಾಲ್‌ಬಾಗ್ ತೋರಿಸಿ, ಆಮೇಲೆ ಇಲ್ಲಿಗೆ ಕರೆತಂದು "ಅಂತಸ್ತು ಎಣಿಸಿ ನೋಡೋಣ" ಅನ್ನುವುದು ರೂಢಿಯಾಗಿತ್ತು.

ಸಿನಿಮಾದ ವಿಚಾರದಲ್ಲಿ ಊರು ಇನ್ನೂ ಎರಡು ಪಾಲಾಗಿಯೇ ಇತ್ತು. ಕನ್ನಡ ಸಿನಿಮಾಕ್ಕೆ ಪೇಟೆಯ ಕಡೆಯ ಕೆ.ಜಿ. ರೋಡ್, ಇಂಗ್ಲಿಷ್ ಸಿನಿಮಾಕ್ಕೆ ಎಂ.ಜಿ. ರೋಡ್. 1936ರ ಪ್ಲಾಜಾ, ಆಮೇಲೆ ಬಂದ ಬ್ಲೂ ಮೂನ್, ಬ್ಲೂ ಡೈಮಂಡ್, ಯುಟಿಲಿಟಿ ಬಿಲ್ಡಿಂಗಿನೊಳಗಿನ ಸಿಂಫನಿ, ಪಕ್ಕದ ಬ್ರಿಗೇಡ್ ರೋಡಿನಲ್ಲಿ ರೆಕ್ಸ್, ರೆಸಿಡೆನ್ಸಿ ರೋಡಿನಲ್ಲಿ ಗ್ಯಾಲಕ್ಸಿ, ಹಲಸೂರಿನ ಕಡೆ ಲಿಡೊ. ಇಷ್ಟು ಟಾಕೀಸುಗಳು ಕಾಲ್ನಡಿಗೆಯ ದೂರದಲ್ಲಿ ಇದ್ದುದರಿಂದ ಒಂದರಲ್ಲಿ ಹೌಸ್‌ಫುಲ್ ಆದರೆ ಇನ್ನೊಂದಕ್ಕೆ ಓಡಬಹುದಿತ್ತು. ಮಲ್ಲೇಶ್ವರ, ಬಸವನಗುಡಿಯ ಕಾಲೇಜು ಹುಡುಗರು ಸಂಜೆ ಇಲ್ಲಿಗೆ ಬಂದು, ಏನನ್ನೂ ಕೊಳ್ಳದೆ, ಬ್ರಿಗೇಡ್ ರೋಡಿನ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲಕ್ಕೆ ಸುತ್ತುವುದಕ್ಕೆ ಬ್ರಿಗೇಡಿಂಗ್ ಎಂದೇ ಹೆಸರು ಬಿದ್ದಿತ್ತು.

ಕಾಫಿ ಹೌಸಿನ ಮಾತು ಬಾರದೆ ಈ ರಸ್ತೆಯ ಕಥೆ ಮುಗಿಯುವುದಿಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಅಲ್ಲಿನ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ಉಳಿಸಿಕೊಂಡರು. ದೇಶದಲ್ಲಿ ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಆಯಿತು. ಎಂ.ಜಿ. ರೋಡಿನ ಇಂಡಿಯಾ ಕಾಫಿ ಹೌಸ್ ಆ ಕೆಲಸಗಾರರದೇ. ಬಿಳಿ ಉಡುಪು, ನಡುವಿಗೆ ಅಗಲದ ಪಟ್ಟಿ, ತಲೆಗೆ ಬೀಸಣಿಗೆಯಂತೆ ಮಡಿಕೆ ಎದ್ದ ಪೇಟ. ಒಂದು ಕಾಫಿ, ಒಂದು ಕಟ್ಲೆಟ್ ಹೇಳಿ ಒಂದು ಗಂಟೆ ಕೂತರೂ ಯಾರೂ ಬಿಲ್ ತಂದು ಮುಂದಿಡುತ್ತಿರಲಿಲ್ಲ. ಪತ್ರಿಕೆಯವರು, ವಕೀಲರು, ಕೆಲಸ ಹುಡುಕುವವರು, ನಿವೃತ್ತರು ಒಂದೇ ಮೇಜಿಗೆ ಮೊಣಕೈ ಊರಿ ಕೂರುತ್ತಿದ್ದರು. ಗುಮಾಸ್ತರ ಸಂಬಳಕ್ಕೂ ಎಟಕುವ ಜಾಗ ಅದು. ನಿಮ್ಮ ತಂದೆಯವರು ಅಲ್ಲಿಗೆ ಹೋಗದೆ ಇದ್ದಿರಲಾರರು.

ಅದಕ್ಕಿಂತಲೂ ಅಗ್ಗದ ಜಾಗ ಎದುರಿಗೇ ಇತ್ತು, ಬೌಲೆವಾರ್ಡ್. ಮೈದಾನಕ್ಕೂ ಡಾಂಬರು ರಸ್ತೆಗೂ ನಡುವೆ ಉದ್ದಕ್ಕೆ ಹರಿದ ಪಟ್ಟಿ. ಮೇಲೆ ಗುಲ್‌ಮೊಹರ್ ಮತ್ತು ಮಳೆಮರಗಳ ನೆರಳು, ಕಾಗದದ ಹೂವಿನ ಬಳ್ಳಿ ಹಬ್ಬಿದ ಚಪ್ಪರ, ಅಲ್ಲಲ್ಲಿ ಕಲ್ಲುಬೆಂಚು. ನನಗೆ ನೆನಪಿರುವುದು ಮಧ್ಯಾಹ್ನ ಒಂದರ ಹೊತ್ತು. ಕಚೇರಿಗಳಿಂದ ಜೋಡಿ ಜೋಡಿಯಾಗಿ ಜನ ರಸ್ತೆ ದಾಟಿ ಬರುತ್ತಿದ್ದರು. ಡಬ್ಬಿ ಬಿಚ್ಚಿ ಮುಚ್ಚಳದ ಮೇಲೆ ಉಪ್ಪಿನಕಾಯಿ ಹಂಚಿಕೊಳ್ಳುತ್ತಿದ್ದರು. ಊಟ ಮುಗಿದ ಮೇಲೆ ಪೇಪರಿನ ಒಂದೊಂದು ಹಾಳೆ ಒಬ್ಬೊಬ್ಬರ ಕೈಯಲ್ಲಿ. ಗಾಳಿ ಬೀಸಿದರೆ ತೆಳುವಾದ ಗುಲಾಬಿ ಬಣ್ಣದ ಹೂವು ಮೊಸರನ್ನದ ಮೇಲೆ ಬಂದು ಬೀಳುತ್ತಿತ್ತು, ಎರಡು ಬೆರಳಲ್ಲಿ ತೆಗೆದು ಪಕ್ಕಕ್ಕಿಟ್ಟು ಊಟ ಮುಂದುವರಿಸುತ್ತಿದ್ದರು. ಕಡಲೆಕಾಯಿ ಪೊಟ್ಟಣ ಮಾರುವವನು ಬೆಂಚಿನಿಂದ ಬೆಂಚಿಗೆ ಬರುತ್ತಿದ್ದ. ಸಂಜೆಗೆ ಅದೇ ಬೆಂಚುಗಳಲ್ಲಿ ಬೇರೆ ಜನ: ಮೊಮ್ಮಕ್ಕಳನ್ನು ಕರೆತಂದ ತಾತಂದಿರು, ಕಾಲೇಜು ಮುಗಿಸಿದ ಹುಡುಗ ಹುಡುಗಿಯರು, ಊರಿಂದ ಬಂದು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಕೂತವರು. ಕಾಸು ಕೇಳುವವರಿರಲಿಲ್ಲ, ಎದ್ದು ಹೋಗು ಅನ್ನುವವರಿರಲಿಲ್ಲ.

ಒಂದೇ ಬದಿಯ ರಸ್ತೆ ಎಂದು ನಾನು ಮೊದಲೇ ಒತ್ತಿ ಹೇಳಿದ್ದು ಇದಕ್ಕೇ. ಉತ್ತರದ ಬದಿಯಲ್ಲೂ ಅಂಗಡಿಗಳಿದ್ದಿದ್ದರೆ ಈ ಪಟ್ಟಿ ಇರುತ್ತಲೇ ಇರಲಿಲ್ಲ. ಮೈದಾನ ಸೇನೆಯದಾದ್ದರಿಂದ ಅಲ್ಲಿ ಯಾರೂ ಕಟ್ಟಡ ಎಬ್ಬಿಸುವಂತಿರಲಿಲ್ಲ. ಅದರ ಅಂಚು ಸುಮ್ಮನೆ ಉಳಿಯಿತು, ಅಲ್ಲಿ ಮರ ಬೆಳೆದವು, ಮರದ ಕೆಳಗೆ ಜನ ಕೂತರು.

ಬದಲಾವಣೆ ಶುರುವಾದದ್ದು ನಿಮ್ಮ ತಂದೆಯವರು ವರ್ಗವಾಗಿ ಹೋದ ಸ್ವಲ್ಪ ದಿನಕ್ಕೇ. 1991ರ ಆರ್ಥಿಕ ಸುಧಾರಣೆಯ ನಂತರ ಹೊರದೇಶದ ಹೆಸರುಗಳು ಮೊದಲು ಬಂದಿಳಿದದ್ದು ಈ ಸುತ್ತಮುತ್ತಲೇ. ಕೆ.ಎಫ್.ಸಿ. ಕಂಪನಿ ಭಾರತದಲ್ಲಿ ತನ್ನ ಮೊದಲ ಅಂಗಡಿ ತೆರೆದದ್ದು 1995ರಲ್ಲಿ, ಬ್ರಿಗೇಡ್ ರೋಡಿನಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳತ್ವದ ರೈತ ಸಂಘ ಅದನ್ನು ವಿರೋಧಿಸಿ ಬೀದಿಗಿಳಿಯಿತು, 1996ರ ಆರಂಭದಲ್ಲಿ ಹಸಿರು ಶಾಲಿನವರು ಅಂಗಡಿಗೇ ನುಗ್ಗಿದರು. ದಂಡಿನ ಬೀದಿಯ ಒಂದು ಕೋಳಿ ಅಂಗಡಿಗೂ ಹಳ್ಳಿಯ ಹೊಲಕ್ಕೂ ನಂಟಿದೆ ಎಂದು ಅವರು ಅಂದೇ ಹೇಳಿದರು. ಒಪ್ಪುವುದು ಬಿಡುವುದು ಬೇರೆ ಮಾತು. ಈ ಬೀದಿಗಳ ಅಂಗಡಿ ಇನ್ನು ಮುಂದೆ ಯಾರ ಕೈಗೆ ಹೋಗಲಿದೆ ಎನ್ನುವ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರಲ್ಲಿ ರೈತರೇ ಮೊದಲಿಗರು ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ.

ಆಮೇಲೆ ಬಂತು, ನಾನು ಮೊದಲಿಗೆ ಹೇಳಿದ ಆ ಕಣ್ಣಿಗೆ ಬೀಳದ ಕಾರಣ. ಬಾಡಿಗೆ. ಎಂ.ಜಿ. ರೋಡಿನ ಹಳೆಯ ಅಂಗಡಿಗಳಲ್ಲಿ ಎಷ್ಟೋ ಸ್ವಂತ ಕಟ್ಟಡದಲ್ಲಿ ಇರಲಿಲ್ಲ. ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆ ಇದ್ದಷ್ಟು ಕಾಲ ಮಾಲೀಕರು ಏಕಾಏಕಿ ಬಾಡಿಗೆ ಏರಿಸುವಂತಿರಲಿಲ್ಲ, ಬಾಡಿಗೆದಾರರನ್ನು ಸುಲಭವಾಗಿ ಬಿಡಿಸುವಂತೆಯೂ ಇರಲಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಕೊನೆಯಲ್ಲಿ ಜಾರಿಗೆ ಬಂತು. ಅದು 14 ಚದರ ಮೀಟರಿಗಿಂತ ದೊಡ್ಡ ವಾಣಿಜ್ಯ ಜಾಗಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. 14 ಚದರ ಮೀಟರ್ ಎಂದರೆ ಹೆಚ್ಚುಕಡಿಮೆ 150 ಚದರಡಿ, ಒಂದು ಸಣ್ಣ ಕೋಣೆ. ಕಾಫಿ ಹೌಸ್, ಪುಸ್ತಕದಂಗಡಿ, ರೆಸ್ಟೋರೆಂಟ್ ಯಾವುದೂ ಅಷ್ಟು ಚಿಕ್ಕದರಲ್ಲಿ ನಡೆಯುವುದಿಲ್ಲ. ಮಾಲೀಕರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಹತ್ತಾರು ವರ್ಷ ಬಾಡಿಗೆ ಏರದ ಕಟ್ಟಡಕ್ಕೆ ಸುಣ್ಣ ಬಳಿಸಲೂ ಕೈಯಿಂದ ಹಾಕಬೇಕಾಗಿದ್ದವರ ಕಷ್ಟ ಸುಳ್ಳಲ್ಲ. ಆದರೆ ನಿಧಾನವಾಗಿ ಸಡಿಲಿಸಬೇಕಾದ ಗಂಟನ್ನು ಒಂದೇ ಸಲಕ್ಕೆ ಬಿಚ್ಚಿದಂತಾಯಿತು. ಒಂದು ಕಾಫಿಗೆ ಒಂದು ಗಂಟೆ ಕೂರಿಸುವ ವ್ಯಾಪಾರ ಆ ರಸ್ತೆಯ ಹೊಸ ಬಾಡಿಗೆಯನ್ನು ಎಂದಿಗೂ ದುಡಿದು ಕೊಡಲಾರದು.

ಅದೇ ಹೊತ್ತಿಗೆ ಮಾಲ್‌ಗಳು ಬಂದವು. 2004ರಲ್ಲಿ ಕೋರಮಂಗಲದ ಫೋರಂ, ಮರುವರ್ಷ ಇಲ್ಲೇ ಹತ್ತಿರದ ಗರುಡಾ, ಆಮೇಲೆ ಯು.ಬಿ. ಸಿಟಿ. ಅಲ್ಲಿ ಗಾಡಿ ನಿಲ್ಲಿಸಲು ಜಾಗವಿತ್ತು, ಒಂದೇ ಸೂರಿನಡಿ ನಾಲ್ಕಾರು ಸಿನಿಮಾ ಪರದೆಗಳಿದ್ದವು. ಐ.ಟಿ. ಕೆಲಸ ವೈಟ್‌ಫೀಲ್ಡಿಗೂ ಎಲೆಕ್ಟ್ರಾನಿಕ್ಸ್ ಸಿಟಿಗೂ ಹೋದಂತೆ ಸಂಬಳ ಎಣಿಸುವ ಹೊಸ ತಲೆಮಾರಿಗೆ ಎಂ.ಜಿ. ರೋಡ್ ದಾರಿಯಲ್ಲಿ ಸಿಗುವ ಜಾಗವಾಗಿ ಉಳಿಯಲಿಲ್ಲ. ಒಂದು ಪರದೆಯ ದೊಡ್ಡ ಟಾಕೀಸುಗಳಿಗೆ ಇದು ತಡೆದುಕೊಳ್ಳಲಾಗದ ಪೆಟ್ಟು. ಬ್ಲೂ ಮೂನ್, ಬ್ಲೂ ಡೈಮಂಡ್ ಹೋದವು. ಪ್ಲಾಜಾ ಮುಚ್ಚಿತು, ಅದರ ಜಾಗ ಮೆಟ್ರೊಗೆ ಸೇರಿತು. ರೆಕ್ಸ್ ಮಾತ್ರ 2018ರ ಕೊನೆಯ ದಿನದವರೆಗೆ ಉಸಿರು ಹಿಡಿದಿತ್ತು.

2009 ಬಹಳ ಕೆಟ್ಟ ವರ್ಷ. ಆ ಏಪ್ರಿಲ್‌ನಲ್ಲಿ ಕಾಫಿ ಹೌಸ್ ಎಂ.ಜಿ. ರೋಡಿನ ಬಾಡಿಗೆ ಕಟ್ಟಡವನ್ನು ಬಿಟ್ಟುಕೊಡಬೇಕಾಯಿತು. ಹಿಂದಿನ ಓಣಿಗಳ ಕಡೆ, ಮೂರು ಜನ ಒಟ್ಟಿಗೆ ನಿಲ್ಲಲಾಗದಷ್ಟು ಇಕ್ಕಟ್ಟಿನಲ್ಲಿ ಸಾವಿರಾರು ಪುಸ್ತಕ ಪೇರಿಸಿಟ್ಟಿದ್ದ ಪ್ರೀಮಿಯರ್ ಬುಕ್ ಶಾಪ್ ಬಾಗಿಲು ಹಾಕಿದ್ದೂ ಅದೇ ವರ್ಷ. ಆ ದಿನಗಳಲ್ಲೇ ಬೌಲೆವಾರ್ಡಿನ ಮರಗಳನ್ನೂ ಕಡಿಯುತ್ತಿದ್ದರು. ಮೂರು ನಷ್ಟ ಒಟ್ಟೊಟ್ಟಿಗೆ ಬಂದದ್ದರಿಂದ ಜನರ ನೆನಪಿನಲ್ಲಿ ಮೂರೂ ಒಂದೇ ಗಂಟಾಗಿ, ದೂರು ಮೆಟ್ರೊ ತಲೆಗೆ ಬಂತು. ಬೌಲೆವಾರ್ಡಿನ ಲೆಕ್ಕ ಮೆಟ್ರೊದ್ದು. ಕಾಫಿ ಹೌಸಿನ ಲೆಕ್ಕ ಬಾಡಿಗೆಯದು. ಇದನ್ನು ನಿಮ್ಮ ತಂದೆಯವರಿಗೆ ಬಿಡಿಸಿ ಹೇಳಿ, ಏಕೆಂದರೆ ಜಯನಗರದಲ್ಲೂ ಗಾಂಧಿ ಬಜಾರಿನಲ್ಲೂ ಹಳೆಯ ಹೋಟೆಲು, ಹಳೆಯ ಅಂಗಡಿ ಮುಚ್ಚುವಾಗ ಅಲ್ಲಿ ಯಾವ ರೈಲೂ ಕಾರಣವಾಗಿರುವುದಿಲ್ಲ.

ಹಾಗಾದರೆ ಮೆಟ್ರೊ ಬೌಲೆವಾರ್ಡಿನ ಮೇಲೇ ಯಾಕೆ ಬಂತು? ಉತ್ತರ ಮತ್ತೆ ಆ ಬಯಲಿನಲ್ಲಿದೆ. ನೆಲದಡಿಯ ಸುರಂಗಕ್ಕೆ ಮೇಲ್ಸೇತುವೆಗಿಂತ ಎಷ್ಟೋ ಪಟ್ಟು ಖರ್ಚು. ಆದ್ದರಿಂದ ಪೂರ್ವ ಪಶ್ಚಿಮ ಮಾರ್ಗದಲ್ಲಿ ವಿಧಾನಸೌಧ, ಮೆಜೆಸ್ಟಿಕ್ ಕಡೆಯ ಸುಮಾರು 4.8 ಕಿಲೋಮೀಟರ್ ಮಾತ್ರ ನೆಲದಡಿ ಇಟ್ಟುಕೊಂಡು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿನವರೆಗೆ ಮೇಲಿಂದ ತಂದರು. ಹಾಗೆ ತರುವಾಗ ದಕ್ಷಿಣದ ಬದಿಗೆ ಕಂಬ ನೆಟ್ಟರೆ ಸಾಲು ಸಾಲು ಕಟ್ಟಡ ಕೊಂಡು ಕೆಡವಬೇಕು. ಉತ್ತರಕ್ಕೆ ನೆಟ್ಟರೆ ಮರ ಮತ್ತು ಬೆಂಚು, ಅಷ್ಟೆ. ಅವುಗಳಿಗೆ ಪರಿಹಾರ ಕೊಡಬೇಕಾಗಿಲ್ಲ, ಕೋರ್ಟಿಗೆ ಹೋಗುವ ಮಾಲೀಕರಿಲ್ಲ. ಯಾರದೂ ಅಲ್ಲದ್ದರಿಂದ ಎಲ್ಲರದೂ ಆಗಿದ್ದ ಜಾಗ, ಯಾರದೂ ಅಲ್ಲದ್ದರಿಂದಲೇ ಹೋಯಿತು. ಜನ ಸುಮ್ಮನಿರಲಿಲ್ಲ. ಮರಗಳಿಗಾಗಿ ಬೀದಿಗೆ ಬಂದರು, ಕೂಗಿದರು, ಮರದ ಸುತ್ತ ಕೈ ಕೈ ಹಿಡಿದು ನಿಂತರು. ಉಳಿಸಿಕೊಳ್ಳಲು ಆಗಲಿಲ್ಲ.

2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ನಮ್ಮ ಮೆಟ್ರೊದ ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಇದೇ ಎಂ.ಜಿ. ರೋಡಿಗೆ. 6.7 ಕಿಲೋಮೀಟರ್, ಆರು ನಿಲ್ದಾಣ. ಆ ಮೊದಲ ವಾರಗಳಲ್ಲಿ ಕೆಲಸವಿಲ್ಲದವರೂ ಮನೆಮಂದಿಯೆಲ್ಲ ಬಂದು ಹತ್ತಿ ಇಳಿದು ಹೋದರು. 2016ರಲ್ಲಿ ಸುರಂಗ ಪೂರ್ತಿಯಾಗಿ ಮೈಸೂರು ರಸ್ತೆಯವರೆಗೆ ರೈಲು ಓಡಿದಾಗ ಒಂದು ಸಂಗತಿ ಆಯಿತು, ಅದನ್ನು ಹೇಳದಿದ್ದರೆ ನನ್ನ ಉತ್ತರ ಒಕ್ಕಣ್ಣಿನದಾಗುತ್ತದೆ. ವಿಜಯನಗರದ ಹುಡುಗಿಯೊಬ್ಬಳು ಎರಡು ಬಸ್ ಬದಲಿಸದೆ, ಯಾರನ್ನೂ ಕೇಳದೆ, ಅರ್ಧ ಗಂಟೆಯೊಳಗೆ ಎಂ.ಜಿ. ರೋಡಿಗೆ ಬಂದಿಳಿಯುವಂತಾಯಿತು. ದಂಡು ಮತ್ತು ಪೇಟೆ ಕಾಗದದ ಮೇಲೆ ಒಂದಾದದ್ದು 1949ರಲ್ಲಿ. ಸಾಮಾನ್ಯರ ಕಾಲಿಗೆ ಅವು ಒಂದಾದದ್ದು ಈ ರೈಲಿನಿಂದ. ಈಗ ಭಾನುವಾರ ಸಂಜೆ ನಿಲ್ದಾಣದ ಮೆಟ್ಟಿಲ ಬಳಿ ನಿಂತು ಕಿವಿಗೊಟ್ಟರೆ ಮಂಡ್ಯದ ಕನ್ನಡ, ಹುಬ್ಬಳ್ಳಿಯ ಕನ್ನಡ, ಕಲಬುರಗಿಯ ಕನ್ನಡ ಕೇಳಿಸುತ್ತದೆ. ನಿಮ್ಮ ತಂದೆಯವರ ಕಾಲದಲ್ಲಿ ಇಷ್ಟು ಕನ್ನಡ ಅಲ್ಲಿ ಇರಲಿಲ್ಲ. ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಿಗಿಯಾದ ಮೇಲೆ ಬೋರ್ಡುಗಳೂ ಬದಲಾಗಿವೆ. 1999ರಲ್ಲಿ ದೆಹಲಿಯಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಕಿತ್ತ ಅನಿಲ್ ಕುಂಬ್ಳೆಯ ಹೆಸರು ರಸ್ತೆಯ ಪಶ್ಚಿಮದ ತುದಿಯ ವೃತ್ತಕ್ಕೆ ಬಂದಿದೆ. ಕಬ್ಬನ್, ಮೇಯೊ, ಬ್ರಿಗೇಡ್, ರೆಸಿಡೆನ್ಸಿ ಎನ್ನುವ ಹೆಸರುಗಳ ನಡುವೆ ಕುಂಬ್ಳೆ ಎನ್ನುವ ಹಳ್ಳಿಯ ಹೆಸರು ಓದುವಾಗ ನನಗಂತೂ ಸಂತೋಷವಾಗುತ್ತದೆ.

ಬೌಲೆವಾರ್ಡಿದ್ದ ಜಾಗದಲ್ಲಿ, ಹಳಿಯ ಕೆಳಗೆ, 2013ರಲ್ಲಿ ರಂಗೋಲಿ ಮೆಟ್ರೊ ಕಲಾ ಕೇಂದ್ರ ತೆರೆದರು. ನಡೆಯಲು ಹಾದಿ, ಚಿತ್ರ ಪ್ರದರ್ಶನಕ್ಕೆ ಜಾಗ, ಮಕ್ಕಳಿಗೆ ಆಟದ ಮೂಲೆ, ಕೂರಲು ಮೆಟ್ಟಿಲು. ತೆಗೆದದ್ದಕ್ಕೆ ಬದಲಾಗಿ ಏನಾದರೂ ಕೊಡಬೇಕು ಎಂಬ ಮನಸ್ಸಾದರೂ ಇತ್ತಲ್ಲ, ಅದನ್ನು ನಾನು ಮೆಚ್ಚುತ್ತೇನೆ. ಆದರೆ ಸಿಮೆಂಟಿನ ನೆರಳು ಮರದ ನೆರಳಿನಂತೆ ಅಲ್ಲಾಡುವುದಿಲ್ಲ. ಅಲ್ಲಿ ಏನಾದರೂ ನಡೆಯುತ್ತಿದ್ದರೆ ಜನ ಬರುತ್ತಾರೆ, ನಡೆಯದ ದಿನ ಹಾದು ಹೋಗುತ್ತಾರೆ. ಬೌಲೆವಾರ್ಡಿನಲ್ಲಿ ಏನೂ ನಡೆಯುತ್ತಿರಲಿಲ್ಲ, ಜನ ಕೂರಲೆಂದೇ ಬರುತ್ತಿದ್ದರು.

ಹಿಂದಿನ ಚರ್ಚ್ ಸ್ಟ್ರೀಟ್ ಮಾತ್ರ ಚೇತರಿಸಿಕೊಂಡಿದೆ. 2018ರಲ್ಲಿ ಅದಕ್ಕೆ ಕಲ್ಲು ಹಾಸಿ, ಪಾದಚಾರಿ ಹಾದಿ ಅಗಲ ಮಾಡಿದರು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿಗಳನ್ನೇ ಬಿಡದೆ ನೋಡಿದರು. ಹಳೆಯ ಪುಸ್ತಕದ ಅಂಗಡಿಗಳು, ಕಾಫಿ ಹೌಸ್ ಎರಡೂ ಈಗ ಇರುವುದು ಅಲ್ಲಿಯೇ. ಎಂ.ಜಿ. ರೋಡಿನ ಜೀವ ಅರ್ಧ ಆ ಓಣಿಗೆ ಸರಿದಿದೆ ಎನ್ನಬಹುದು. ಇನ್ನು ಕಾಮರಾಜ್ ರಸ್ತೆಯ ಕಡೆ, ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗಕ್ಕಾಗಿ 2019ರಿಂದ ನೆಲ ಅಗೆದಿದ್ದಾರೆ. ಆ ಮಾರ್ಗಕ್ಕೆ ಇಲ್ಲಿ ನೆಲದಡಿಯ ನಿಲ್ದಾಣ. ಆ ಮೂಲೆಯಲ್ಲಿ ಇಷ್ಟು ವರ್ಷ ಬರೀ ತಗಡಿನ ಬೇಲಿ ಕಂಡದ್ದು ಅದಕ್ಕೇ.

ಡಿಸೆಂಬರಿನಲ್ಲಿ ಕರೆತರುವಾಗ ಹೀಗೆ ಮಾಡಿ. ವರ್ಷದ ಕೊನೆಯ ದಿನ ಬೇಡವೇ ಬೇಡ, ಹಿರಿಯರು ಆ ನೂಕುನುಗ್ಗಲಿಗೆ ತಾಳಲಾರರು. ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ ಬನ್ನಿ. ಎಂ.ಜಿ. ರೋಡಿನಲ್ಲಿ ಇಳಿಯಬೇಡಿ, ಒಂದು ನಿಲ್ದಾಣ ಪೂರ್ವಕ್ಕೆ, ಟ್ರಿನಿಟಿಯಲ್ಲಿ ಇಳಿಯಿರಿ. ಲಿಫ್ಟ್ ಇದೆ. ಮೊದಲು ಚರ್ಚಿನ ಗೋಪುರ ತೋರಿಸಿ, ಅದು ಅವರು ಬಿಟ್ಟು ಹೋದ ಹಾಗೇ ಇದೆ. ಕಾಲು ನೋಯದಷ್ಟು ನಡೆದು, ಉಳಿದದ್ದಕ್ಕೆ ಆಟೊ ಹಿಡಿಯಿರಿ. ಮೇಯೊ ಹಾಲ್ ಇದೆ. ಯುಟಿಲಿಟಿ ಬಿಲ್ಡಿಂಗ್ ಇದೆ, ಅಂತಸ್ತು ಎಣಿಸಲು ಹೇಳಿ. ಹಿಗಿನ್‌ಬಾಥಮ್ಸ್ ಮುಂದೆ ಇಳಿದು ತಲೆಯೆತ್ತಿ ನೋಡಿ. ಅಂಗಡಿಯ ಬೋರ್ಡಿನಿಂದ ಕೆಳಗೆ ಎಲ್ಲವೂ ಹೊಸದು, ಬೋರ್ಡಿನಿಂದ ಮೇಲೆ ಬಹಳಷ್ಟು ಹಳೆಯದೇ ಉಳಿದಿರುತ್ತದೆ. ಈ ರಸ್ತೆಯಲ್ಲಿ ಅವರಿಗೆ ಗುರುತು ಸಿಗುವುದು ಮೇಲುಗಡೆ. ಕಳೆದ ಸಲ ಅವರು ಮೆಟ್ಟಿಲಿಳಿದು ನೇರ ಮುಂದಕ್ಕೆ ನೋಡಿರಬೇಕು.

ಆಮೇಲೆ ಚರ್ಚ್ ಸ್ಟ್ರೀಟಿನ ಕಾಫಿ ಹೌಸಿಗೆ ಹೋಗಿ. ಜಾಗ ಬೇರೆ, ಪೇಟ ಅದೇ. ಕಾಫಿ ಬಂದ ಮೇಲೆ ನಿಮ್ಮ ಫೋನಿನಲ್ಲಿ ರೆಕಾರ್ಡ್ ಹಾಕಿ ಮೇಜಿನ ಮೇಲಿಡಿ. ಕಚೇರಿಯ ಮೆಟ್ಟಿಲು ಯಾವ ಕಡೆ ಇತ್ತು, ಮಧ್ಯಾಹ್ನದ ಡಬ್ಬಿ ಯಾರ ಜೊತೆ ಬಿಚ್ಚುತ್ತಿದ್ದರು, ಪ್ಲಾಜಾದ ಗಾಂಧಿ ಕ್ಲಾಸಿನ (ಪರದೆಯ ಮುಂದಿನ ಅಗ್ಗದ ಸೀಟುಗಳ) ಕ್ಯೂ ಎಲ್ಲಿಯವರೆಗೆ ಬರುತ್ತಿತ್ತು, ಬೌಲೆವಾರ್ಡಿನ ಯಾವ ಬೆಂಚು ಅವರದಾಗಿತ್ತು ಎಂದು ಕೇಳಿ. ಅಧಿಕಾರಿಗಳ ಎಂ.ಜಿ. ರೋಡ್, ಟಾಕೀಸು ಮಾಲೀಕರ ಎಂ.ಜಿ. ರೋಡ್ ಅಲ್ಲಲ್ಲಿ ಬರಹದಲ್ಲಿ ಸಿಗುತ್ತದೆ. ಅಲ್ಲಿ ಡಬ್ಬಿ ಬಿಚ್ಚಿ ಉಂಡ ಗುಮಾಸ್ತರ ಎಂ.ಜಿ. ರೋಡ್ ಬಹಳ ಕಡಿಮೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ನನಗೊಂದು ಪ್ರತಿ ಕಳಿಸಿ.